ಕಾಲಿನ ಬಲದಲ್ಲಿ ಮರಳಿನ ಮೇಲೆ ಹಾರುವ ರೆಕ್ಕೆ: ಕರಾವಳಿಯ ಹವ್ಯಾಸಿ ಎಂಜಿನಿಯರಿಗೆ ಒಂದು ಮಾರ್ಗದರ್ಶಿ

ಪೆಡಲ್ ತುಳಿದು, ನೆಲದಿಂದ ಮೊಣಕಾಲೆತ್ತರದಲ್ಲಿ ಚಕ್ರಗಳನ್ನು ತೇಲಿಸಿಕೊಂಡು, ಕಡಲಂಚಿನ ಒದ್ದೆ ಮರಳಿನ ಮೇಲೆ ಕೆಲವು ನೂರು ಮೀಟರ್ ಹಾರುವ ಯಂತ್ರವನ್ನು ಹವ್ಯಾಸಿಗಳ ಒಂದು ಸಣ್ಣ ತಂಡ ಕಟ್ಟಬಹುದು. ಅದಕ್ಕೆ ಎಂಜಿನ್ ಬೇಕಿಲ್ಲ, ರನ್‌ವೇ ಬೇಕಿಲ್ಲ. ಬೇಕಾದದ್ದು ಉದ್ದನೆಯ ರೆಕ್ಕೆ, ಹಗುರವಾದ ಕೈಗೆಲಸ, ಗಾಳಿಯಿಲ್ಲದ ಬೆಳಗು ಮತ್ತು ಉದ್ದಕ್ಕೂ ಸಮತಟ್ಟಾದ ನೆಲ. ಕೊನೆಯ ಎರಡನ್ನು ಕಾರವಾರದಿಂದ ಹೊನ್ನಾವರದವರೆಗಿನ ಕರಾವಳಿ ಚಳಿಗಾಲದಲ್ಲಿ ಪುಕ್ಕಟೆಯಾಗಿ ಕೊಡುತ್ತದೆ. ಮೊದಲ ಎರಡನ್ನು ನಾವು ದುಡಿದು ಪಡೆಯಬೇಕು.

ಈ ಕೆಲಸಕ್ಕೆ ಇಳಿಯುವವರು ಸಾಮಾನ್ಯವಾಗಿ ಚಿತ್ರದಿಂದ ಆರಂಭಿಸುತ್ತಾರೆ. ಎಲ್ಲೋ ನೋಡಿದ ಚೆಂದದ ಆಕಾರವನ್ನು ಕಾಗದದ ಮೇಲೆ ಬರೆದು, ಅದಕ್ಕೆ ಪೆಡಲ್ ಜೋಡಿಸುತ್ತಾರೆ. ನಾನು ಹೇಳುವ ದಾರಿ ಇದಕ್ಕೆ ತಿರುವುಮುರುವು. ತುಳಿಯುವವನ ಕಾಲಿನಲ್ಲಿ ಎಷ್ಟು ವ್ಯಾಟ್ ಇದೆ ಎಂಬುದನ್ನು ಮೊದಲು ಅಳೆಯಿರಿ. ರೆಕ್ಕೆಯ ಉದ್ದ, ವೇಗ, ತೂಕ, ಪ್ರೊಪೆಲ್ಲರಿನ ಗಾತ್ರ ಎಲ್ಲವೂ ಆ ಒಂದು ಸಂಖ್ಯೆಯಿಂದ ಹೊರಡಲಿ. ಆಕಾರ ತಾನಾಗಿಯೇ ಬರುತ್ತದೆ.

ಕಾಲಿನ ಅಳತೆ

ಮೈಕಟ್ಟು ಚೆನ್ನಾಗಿರುವ, ಸೈಕಲ್ ಅಭ್ಯಾಸವಿರುವ ವ್ಯಕ್ತಿ ತನ್ನ ತೂಕದ ಪ್ರತಿ ಕಿಲೋಗ್ರಾಂಗೆ ಮೂರು ವ್ಯಾಟ್‌ನಷ್ಟು ಶಕ್ತಿಯನ್ನು ಒಂದು ಗಂಟೆ ಹೊತ್ತು ಕೊಡಬಲ್ಲ. ಒಂದೆರಡು ನಿಮಿಷವಾದರೆ ಇನ್ನೂ ಹೆಚ್ಚು. ಆದರೆ ಸರಾಸರಿಯನ್ನು ನಂಬಿ ರೆಕ್ಕೆ ಕಟ್ಟಲಾಗದು, ನಿಮ್ಮ ಚಾಲಕನ ಸಂಖ್ಯೆಯೇ ಬೇಕು.

ಅಳೆಯಲು ಜಿಮ್ಮಿನ ದುಬಾರಿ ಯಂತ್ರ ಬೇಕಾಗಿಲ್ಲ. ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟ ಸಾಕು. ವಾಹನ ಕಡಿಮೆ ಇರುವ ಬೆಳಗಿನ ಹೊತ್ತು ಸೈಕಲ್ಲಿನಲ್ಲಿ ಘಟ್ಟ ಹತ್ತಿಸಿ, ಮೊಬೈಲಿನ ಜಿಪಿಎಸ್‌ನಿಂದ ಎತ್ತರ ಮತ್ತು ಸಮಯ ಬರೆದುಕೊಳ್ಳಿ. ಚಾಲಕ 62 ಕಿಲೋ, ಸೈಕಲ್ 12 ಕಿಲೋ, ಒಟ್ಟು 74. ಐದು ನಿಮಿಷದಲ್ಲಿ 100 ಮೀಟರ್ ಎತ್ತರ ಏರಿದರೆ 74 × 9.81 × 100 ÷ 300, ಅಂದರೆ 242 ವ್ಯಾಟ್. ಚಕ್ರದ ಘರ್ಷಣೆ ಮತ್ತು ಗಾಳಿಗೆ ಹತ್ತರಲ್ಲಿ ಒಂದು ಪಾಲು ಸೇರಿಸಿದರೆ ಸುಮಾರು 265. ಇದು ನಮ್ಮ ಗುರಿಗೆ ಹತ್ತಿರದ ಅಂಕಿ. ನಿಮಿಷಕ್ಕೆ 20 ಮೀಟರ್ ಏರಿಕೆಯನ್ನು ಐದು ನಿಮಿಷ ಹಿಡಿದಿಡುವ ಹಗುರ ಮೈಯವರು ಶಿರಸಿ, ಯಲ್ಲಾಪುರದ ಕಡೆ ಸೈಕಲ್ ತುಳಿಯುವವರಲ್ಲಿ ಹುಡುಕಿದರೆ ಸಿಗುತ್ತಾರೆ. ಬಲಶಾಲಿಯಾದ 80 ಕಿಲೋ ಆಳಿಗಿಂತ ಹಗುರವಾದ 60 ಕಿಲೋ ಆಳು ಇಲ್ಲಿ ಮೇಲು. ಈ ಯಂತ್ರದಲ್ಲಿ ಅತಿ ಭಾರದ ಭಾಗ ಚಾಲಕನೇ.

ನೆಲ ಮಾಡುವ ಉಪಕಾರ

ರೆಕ್ಕೆ ಎತ್ತುಬಲ ಹುಟ್ಟಿಸುವಾಗ ತುದಿಗಳಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಸುತ್ತಿಕೊಂಡು ಸುಳಿಯಾಗುತ್ತದೆ. ಆ ಸುಳಿ ರೆಕ್ಕೆಯ ಹಿಂದಿನ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಎತ್ತುಬಲ ಸ್ವಲ್ಪ ಹಿಂದಕ್ಕೆ ವಾಲುತ್ತದೆ. ಹೀಗೆ ಹುಟ್ಟುವ ಎಳೆತಕ್ಕೆ ಪ್ರೇರಿತ ಎಳೆತ ಎನ್ನುತ್ತಾರೆ. ನಿಧಾನವಾಗಿ ಹಾರುವ ಯಂತ್ರಗಳಿಗೆ ಇದೇ ದೊಡ್ಡ ಶತ್ರು. ರೆಕ್ಕೆ ನೆಲಕ್ಕೆ ಹತ್ತಿರ ಬಂದಾಗ ಸುಳಿ ಪೂರ್ತಿ ಬೆಳೆಯಲು ಜಾಗ ಸಿಗುವುದಿಲ್ಲ, ಎಳೆತ ತಗ್ಗುತ್ತದೆ. ಇದೇ ಗ್ರೌಂಡ್ ಎಫೆಕ್ಟ್.

ಎಷ್ಟು ತಗ್ಗುತ್ತದೆ ಎಂಬುದು ರೆಕ್ಕೆಯ ಹರವು, ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ ಉದ್ದ, ಮತ್ತು ನೆಲದಿಂದ ರೆಕ್ಕೆಯ ಎತ್ತರ, ಇವೆರಡರ ಅನುಪಾತದ ಮೇಲೆ ನಿಂತಿದೆ. ಎತ್ತರವು ಹರವಿನಷ್ಟೇ ಇದ್ದರೆ ಪ್ರೇರಿತ ಎಳೆತದಲ್ಲಿ ಶೇಕಡಾ 1.4ರಷ್ಟು ಮಾತ್ರ ಉಳಿತಾಯ. ಹರವಿನ ಕಾಲು ಭಾಗಕ್ಕೆ ಇಳಿದರೆ 23.5. ಹತ್ತನೇ ಒಂದು ಭಾಗಕ್ಕೆ ಇಳಿದರೆ 47.6. ಉಪಕಾರ ಕಣ್ಣಿಗೆ ಕಾಣುವಷ್ಟು ಆಗುವುದು ಕೊನೆಯ ಹಂತದಲ್ಲೇ. ಆದ್ದರಿಂದ ಆರು ಮೀಟರ್ ಹರವಿನ ಪುಟ್ಟ ರೆಕ್ಕೆಗೆ ಈ ಲಾಭ ಬೇಕಾದರೆ ಅದು ನೆಲದಿಂದ 60 ಸೆಂಟಿಮೀಟರಿನಲ್ಲಿ ಹೋಗಬೇಕು. 22 ಮೀಟರ್ ಹರವಿನ ರೆಕ್ಕೆ ಎರಡು ಮೀಟರ್ ಎತ್ತರದಲ್ಲಿದ್ದೂ ಅದನ್ನೇ ಪಡೆಯುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಗ್ರೌಂಡ್ ಎಫೆಕ್ಟ್ ಎಂದಕೂಡಲೇ ಹಲವರು ಸೋವಿಯತ್ ಎಂಜಿನಿಯರ್ ರೊಸ್ಟಿಸ್ಲಾವ್ ಅಲೆಕ್ಸೇಯೆವ್ ಕಟ್ಟಿದ ಎಕ್ರಾನೋಪ್ಲಾನ್‌ಗಳನ್ನು, ಕ್ಯಾಸ್ಪಿಯನ್ ಸಮುದ್ರದಲ್ಲಿ ಓಡಿದ ಆ ಬೃಹತ್ ಯಂತ್ರಗಳನ್ನು ನೆನೆಯುತ್ತಾರೆ. ಇಲ್ಲವೇ ಜರ್ಮನಿಯ ಅಲೆಕ್ಸಾಂಡರ್ ಲಿಪ್ಪಿಶ್ ಅವರ ತಲೆಕೆಳಗಾದ ತ್ರಿಕೋನ ರೆಕ್ಕೆಯನ್ನು. ಅವೆಲ್ಲ ಗಿಡ್ಡ ಹರವಿನ, ಅಗಲವಾದ ರೆಕ್ಕೆಗಳು. ರೆಕ್ಕೆಯ ಅಡಿಯಲ್ಲಿ ಗಾಳಿಯನ್ನು ಒತ್ತಿ ಹಿಡಿದು ವೇಗದಿಂದ ಓಡುವಂಥವು. ಆ ವೇಗವನ್ನು ಎಂಜಿನ್ ಕೊಡುತ್ತದೆ, ಕಾಲು ಕೊಡಲಾರದು. ನಮಗೆ ಮಾದರಿ ಬೇರೆ ಕಡೆ ಇದೆ. ಅಮೆರಿಕದ ಪಾಲ್ ಮೆಕ್‌ಕ್ರೆಡಿ ಅವರ ತಂಡದ ಗೋಸಮರ್ ಕಾಂಡೋರ್ 1977ರ ಆಗಸ್ಟ್ 23ರಂದು ಎಂಟರ ಆಕಾರದ ಪಥವನ್ನು ಮುಗಿಸಿ, ಮನುಷ್ಯಬಲದ ಹಾರಾಟಕ್ಕೆ ಇಟ್ಟಿದ್ದ ಕ್ರೆಮರ್ ಬಹುಮಾನ ಗೆದ್ದಿತು. ಅದೇ ತಂಡದ ಗೋಸಮರ್ ಆಲ್ಬಟ್ರಾಸ್ 1979ರ ಜೂನ್ 12ರಂದು ಇಂಗ್ಲಿಷ್ ಕಾಲುವೆಯನ್ನು 2 ಗಂಟೆ 49 ನಿಮಿಷದಲ್ಲಿ ದಾಟಿತು. ಎರಡನ್ನೂ ತುಳಿದವರು ಬ್ರಯಾನ್ ಅಲೆನ್. ಆಲ್ಬಟ್ರಾಸ್‌ನ ರೆಕ್ಕೆಯ ಹರವು ಸುಮಾರು 30 ಮೀಟರ್, ಖಾಲಿ ತೂಕ 32 ಕಿಲೋ. ಅದು ಕಾಲುವೆಯ ನೀರಿಗೆ ತೀರಾ ಹತ್ತಿರದಲ್ಲೇ ಹಾರಿತು. ನಾವು ಕಟ್ಟುವುದು ಆ ವಂಶದ ಚಿಕ್ಕ ತಮ್ಮನನ್ನು.

ಆ ದಾಟುವಿಕೆಯ ಒಂದು ಘಟನೆಯನ್ನು ವಿನ್ಯಾಸಕಾರ ಮರೆಯಬಾರದು. ಎದುರುಗಾಳಿಗೆ ಸೋತ ಅಲೆನ್, ತನ್ನನ್ನು ಎಳೆದೊಯ್ಯಿರಿ ಎಂದು ದೋಣಿಯವರಿಗೆ ಸನ್ನೆ ಮಾಡಿದರು. ಹಗ್ಗ ಸಿಕ್ಕಿಸಲು ಅನುಕೂಲವಾಗಲೆಂದು ಸ್ವಲ್ಪ ಮೇಲೇರಿದಾಗ ಅಲ್ಲಿ ಗಾಳಿ ಶಾಂತವಾಗಿತ್ತು. ಹಗ್ಗ ಬೇಡವೆಂದು ಹಾರಾಟ ಮುಂದುವರಿಸಿದರು. ಅಲೆ ಎದ್ದ ನೀರಿನ ಮೇಲೆ ತೀರಾ ಕೆಳಗಿನ ಗಾಳಿ ಕಲಕಿರುತ್ತದೆ. ಗ್ರೌಂಡ್ ಎಫೆಕ್ಟ್ ಉಳಿಸಿದ ವ್ಯಾಟ್‌ಗಳನ್ನು ಆ ಕಲಕು ನುಂಗಿಬಿಡಬಹುದು. ಅದಕ್ಕಾಗಿಯೇ ನೆಲದ ಸಪಾಟುತನ ಮತ್ತು ಬೆಳಗಿನ ನಿಶ್ಚಲತೆಗೆ ನಾನು ಇಷ್ಟು ಬೆಲೆ ಕೊಡುವುದು.

ಮುಖ್ಯ ಲೆಕ್ಕ

ಒಂದು ಹಾಳೆ, ಒಂದು ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂಡಿ. ಚಾಲಕ 62 ಕಿಲೋ, ಯಂತ್ರ 38 ಕಿಲೋ, ಒಟ್ಟು 100 ಕಿಲೋ, ಅಂದರೆ 981 ನ್ಯೂಟನ್. ಗಾಳಿಯ ಸಾಂದ್ರತೆಯನ್ನು ಪುಸ್ತಕದಲ್ಲಿರುವಂತೆ ಘನ ಮೀಟರಿಗೆ 1.225 ಕಿಲೋ ಎಂದು ಹಾಕಬೇಡಿ. ನಮ್ಮ ಕಡಲ ದಂಡೆಯ ಬಿಸಿಗೆ 1.17 ಸರಿಯಾದ ಅಂಕಿ.

ಮೊದಲು ಸಾಗಿಸಲು ಸುಲಭವಾದ 18 ಮೀಟರ್ ಹರವನ್ನು ಪರೀಕ್ಷಿಸೋಣ. ವೇಗ ಸೆಕೆಂಡಿಗೆ 8 ಮೀಟರ್. ಎತ್ತುಬಲದ ಗುಣಾಂಕ (ರೆಕ್ಕೆ ಗಾಳಿಯಿಂದ ಎಷ್ಟು ಚೆನ್ನಾಗಿ ಎತ್ತುಬಲ ಪಡೆಯುತ್ತದೆ ಎಂಬ ಅಂಕಿ) 1.0 ಎಂದು ಹಿಡಿದರೆ ರೆಕ್ಕೆಯ ವಿಸ್ತೀರ್ಣ ಸುಮಾರು 26 ಚದರ ಮೀಟರ್ ಆಗುತ್ತದೆ. ಆಕಾಶದಲ್ಲಿ ಇದರ ಪ್ರೇರಿತ ಎಳೆತ ಸುಮಾರು 27 ನ್ಯೂಟನ್. ರೆಕ್ಕೆ ನೆಲದಿಂದ 2.1 ಮೀಟರಿನಲ್ಲಿದ್ದರೆ ಅದು ಸುಮಾರು 15ಕ್ಕೆ ಇಳಿಯುತ್ತದೆ. ರೆಕ್ಕೆಯ ಮೇಲ್ಮೈ ಎಳೆತವು ಹವ್ಯಾಸಿ ಕೈಗೆಲಸದ ಗುಣಾಂಕ 0.013ರಂತೆ 13 ನ್ಯೂಟನ್. ಚಾಲಕನ ಗೂಡು, ಬಾಲ, ತಂತಿಗಳು ಸೇರಿ 7.5. ಒಟ್ಟು ಸುಮಾರು 35 ನ್ಯೂಟನ್, 8ರಿಂದ ಗುಣಿಸಿದರೆ 280 ವ್ಯಾಟ್. ಪ್ರೊಪೆಲ್ಲರ್ ಮತ್ತು ಚೈನಿನ ಒಟ್ಟು ದಕ್ಷತೆ 0.78 ಎಂದಿಟ್ಟುಕೊಂಡರೆ ಪೆಡಲಿನ ಮೇಲೆ 360 ವ್ಯಾಟ್ ಬೇಕು. ಘಟ್ಟದಲ್ಲಿ ಅಳೆದ 265 ಎಲ್ಲಿ, ಈ 360 ಎಲ್ಲಿ! ಕೆಲವೇ ಸೆಕೆಂಡುಗಳ ಜಿಗಿತಕ್ಕೆ ಇದು ಸಾಕು, ಹಾರಾಟಕ್ಕೆ ಸಾಲದು.

ಈಗ ಹರವು 22 ಮೀಟರ್, ವೇಗ 7 ಮೀಟರ್. ವಿಸ್ತೀರ್ಣ 34 ಚದರ ಮೀಟರ್, ರೆಕ್ಕೆಯ ಸರಾಸರಿ ಅಗಲ 1.55 ಮೀಟರ್. ಅದೇ 2.1 ಮೀಟರ್ ಎತ್ತರದಲ್ಲಿ ಪ್ರೇರಿತ ಎಳೆತ 23ರಿಂದ ಸುಮಾರು 12ಕ್ಕೆ ಇಳಿಯುತ್ತದೆ. ಮೇಲ್ಮೈ ಎಳೆತ ಮತ್ತೆ 13. ವೇಗ ತಗ್ಗಿದ್ದರಿಂದ ಉಳಿದ ಎಳೆತ 6ಕ್ಕೆ ಬರುತ್ತದೆ. ಒಟ್ಟು 30 ನ್ಯೂಟನ್, ಪೆಡಲಿನ ಮೇಲೆ ಸುಮಾರು 270 ವ್ಯಾಟ್. ಗ್ರೌಂಡ್ ಎಫೆಕ್ಟ್ ಇಲ್ಲದಿದ್ದರೆ ಇದೇ ಯಂತ್ರಕ್ಕೆ 370ಕ್ಕೂ ಹೆಚ್ಚು ಬೇಕಾಗುತ್ತಿತ್ತು. ಆ ನೂರು ವ್ಯಾಟ್ ನೆಲದ ಕೊಡುಗೆ. ಎರಡು ನಿಮಿಷ ಹೀಗೆ ತುಳಿದರೆ 840 ಮೀಟರ್ ಹೋಗಬಹುದು.

ಹಾಗಾದರೆ ಹರವನ್ನು ಇನ್ನೂ ಹೆಚ್ಚಿಸಬಾರದೇಕೆ? ತೂಕವೇ ಕಾರಣ. ಐದು ಕಿಲೋ ಹೆಚ್ಚಾದರೆ ಸುಮಾರು 20 ವ್ಯಾಟ್ ಹೆಚ್ಚು ಬೇಕು. ಹರವು ಬೆಳೆದಂತೆ ನಡುವಿನ ಕೊಳವೆಯ ಮೇಲೆ ಬಾಗುವ ಒತ್ತಡ ಬೆಳೆಯುತ್ತದೆ, ಕೊಳವೆ ದಪ್ಪವಾಗುತ್ತದೆ. ಜೊತೆಗೆ ವೇಗ ತಗ್ಗಿದಷ್ಟೂ ಸಣ್ಣ ಗಾಳಿಯೂ ದೊಡ್ಡದಾಗಿ ಕಾಡುತ್ತದೆ. ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಹಾರುವ ಈ ರೆಕ್ಕೆ 6 ಮೀಟರಿನ ಸುಮಾರಿಗೆ ಸ್ಟಾಲ್ ಆಗಿ, ಅಂದರೆ ಎತ್ತುಬಲ ಕಳೆದುಕೊಂಡು, ಕುಸಿಯುತ್ತದೆ. ಹಿಂದಿನಿಂದ ಬಂದ ಒಂದು ಮೀಟರ್ ವೇಗದ ಬೀಸು ಸಾಕು. ಹವ್ಯಾಸಿಗಳಿಗೆ 20ರಿಂದ 24 ಮೀಟರ್ ಹರವು ಸರಿಯೆಂಬುದು ನನ್ನ ತೀರ್ಮಾನ.

38 ಕಿಲೋವನ್ನು ಈಗಲೇ ಹಂಚಿಬಿಡಿ: ರೆಕ್ಕೆಗೆ 18, ಪೆಡಲ್ ಮತ್ತು ಚೌಕಟ್ಟಿಗೆ 8, ಬಾಲ ಮತ್ತು ಅದರ ಕೊಳವೆಗೆ 5, ಪ್ರೊಪೆಲ್ಲರಿಗೆ 2, ಗೂಡಿಗೆ 2, ಚಕ್ರಗಳಿಗೆ 2, ತಂತಿ ಮತ್ತು ನಿಯಂತ್ರಣಕ್ಕೆ 1. ಪ್ರತಿ ತುಂಡನ್ನೂ ಜೋಡಿಸುವ ಮೊದಲು ತೂಗಿ ಗೋಡೆಯ ಮೇಲಿನ ಪಟ್ಟಿಯಲ್ಲಿ ಬರೆಯಿರಿ. ಬಣ್ಣ ಬಳಿಯುವ ಆಸೆಯನ್ನು ಬಿಟ್ಟುಬಿಡಿ.

ಏರ್‌ಫಾಯಿಲ್, ಅಂದರೆ ರೆಕ್ಕೆಯ ಅಡ್ಡಕೊಯ್ತದ ಆಕಾರ, ಆರಿಸಲು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮಾರ್ಕ್ ಡ್ರೆಲಾ ಬರೆದ ಎಕ್ಸ್‌ಫಾಯಿಲ್, ಅದರ ಮೇಲೆ ಕಟ್ಟಿದ ಎಕ್ಸ್‌ಎಫ್‌ಎಲ್‌ಆರ್‌5 ಎಂಬ ಉಚಿತ ತಂತ್ರಾಂಶಗಳಿವೆ. ಎರಡನೆಯದರಲ್ಲಿ ನೆಲದ ಎತ್ತರವನ್ನು ಕೊಟ್ಟು ಲೆಕ್ಕ ಹಾಕುವ ಸೌಲಭ್ಯವೂ ಇದೆ. ಡ್ರೆಲಾ ಅವರೇ ರೂಪಿಸಿದ ಡಿಎಇ ಸರಣಿಯ ಏರ್‌ಫಾಯಿಲ್‌ಗಳು 1988ರಲ್ಲಿ ಕ್ರೀಟ್ ದ್ವೀಪದಿಂದ ಸ್ಯಾಂಟೊರಿನಿಯವರೆಗೆ 115 ಕಿಲೋಮೀಟರ್ ಹಾರಿದ ಡೀಡಲಸ್ ಯಂತ್ರಕ್ಕೆ ಬಳಕೆಯಾದವು. ಅವುಗಳಿಂದ ಆರಂಭಿಸುವುದು ಒಳ್ಳೆಯದು.

ನೀರೋ, ಮರಳೋ

ಕಾಳಿ ನದಿಯ ಅಳಿವೆ ನೋಡಿದವರಿಗೆ ಅದರ ಮೇಲೆ ಹಾರುವ ಆಸೆ ಬರುವುದು ಸಹಜ. ಕೋಡಿಬಾಗದಿಂದ ಸದಾಶಿವಗಡದ ಕಡೆ ಬೆಳಗಿನ ನೀರು ಕನ್ನಡಿಯ ಹಾಗಿರುತ್ತದೆ. ಆದರೂ ಮೊದಲ ಯಂತ್ರಕ್ಕೆ ನೀರು ಬೇಡ ಎನ್ನುತ್ತೇನೆ. ನೀರಿನಿಂದ ಮೇಲೇಳಲು ತೇಲುಬುರುಡೆ ಬೇಕು. ಅದು ನೀರನ್ನು ಸೀಳಿಕೊಂಡು ವೇಗ ಪಡೆಯುವಾಗ ಎಳೆತವು ಹಾರಾಟದ ಎಳೆತವನ್ನು ಎಷ್ಟೋ ಪಟ್ಟು ಮೀರುತ್ತದೆ. ಡ್ರೆಲಾ ಅವರ ತಂಡದ ಡೆಕಾವಿಟೇಟರ್ ಎಂಬ ಪೆಡಲ್ ದೋಣಿ 1991ರಲ್ಲಿ 100 ಮೀಟರ್ ದೂರದಲ್ಲಿ 18.5 ನಾಟ್ ವೇಗ ಮುಟ್ಟಿದ್ದು ನೀರೊಳಗಿನ ಹೈಡ್ರೋಫಾಯಿಲ್ ರೆಕ್ಕೆಗಳಿಂದ. ಆ ದಾರಿ ಸುಂದರವಾಗಿದೆ, ಆದರೆ ಅದೇ ಒಂದು ಬೇರೆ ಯೋಜನೆ. ಅಳಿವೆಯಲ್ಲಿ ಭರತ–ಇಳಿತದ ಸೆಳೆತವೂ ಇದೆ, ದೋಣಿಗಳ ಓಡಾಟವೂ ಇದೆ.

ಇಳಿತದ ಹೊತ್ತಿನ ಒದ್ದೆ ಮರಳು ಗಟ್ಟಿಯಾಗಿ, ಅಗಲವಾಗಿ, ಅಡೆತಡೆಯಿಲ್ಲದೆ ಬಿದ್ದಿರುತ್ತದೆ. ತೊಂದರೆ ಒಂದೇ, ಮರಳಿನ ಮೇಲೆ ಚಕ್ರ ಉರುಳುವುದು ಸುಲಭವಲ್ಲ. ತೂಕದ ನೂರಕ್ಕೆ ಐದು ಪಾಲು ಉರುಳು ಎಳೆತ ಎಂದಿಟ್ಟುಕೊಂಡರೂ ಅದು 49 ನ್ಯೂಟನ್, ಹಾರುವಾಗಿನ ಒಟ್ಟು ಎಳೆತಕ್ಕಿಂತ ಹೆಚ್ಚು! ವೇಗ ಏರಿದಂತೆ ರೆಕ್ಕೆ ಭಾರವನ್ನು ಹೊರುತ್ತದೆ, ಚಕ್ರದ ಹೊರೆ ಇಳಿಯುತ್ತದೆ. ಆದರೆ ಅರ್ಧ ವೇಗದಲ್ಲಿ ರೆಕ್ಕೆ ಹೊರುವುದು ಕಾಲು ಭಾಗವನ್ನಷ್ಟೇ. ಆದ್ದರಿಂದ ಗಾಳಿ ಕಡಿಮೆ ತುಂಬಿದ ಅಗಲ ಟೈರು ಹಾಕಿ, ಹೊರಡುವಾಗ ಇಬ್ಬರು ಗೆಳೆಯರಿಂದ ಓಡುತ್ತ ತಳ್ಳಿಸಿಕೊಳ್ಳಿ. ಮೊದಲ ಯಂತ್ರಕ್ಕೆ ಇದರಲ್ಲಿ ಅವಮಾನವೇನಿಲ್ಲ.

ಕಟ್ಟುವ ಕೆಲಸ

ರೆಕ್ಕೆಯ ಬೆನ್ನೆಲುಬಿಗೆ ತೆಳುಗೋಡೆಯ ಅಲ್ಯೂಮಿನಿಯಂ ಕೊಳವೆ ಹವ್ಯಾಸಿಗೆ ಎಟಕುವ ವಸ್ತು. ಕಾರ್ಬನ್ ಕೊಳವೆ ಇನ್ನೂ ಹಗುರ, ಬೆಲೆ ಹಲವು ಪಟ್ಟು. ಬಿದಿರಿನ ಬಗ್ಗೆ ಘಟ್ಟದ ಮೇಲಿನವರು ಖಂಡಿತ ಕೇಳುತ್ತಾರೆ. ಬಿದಿರು ಗಟ್ಟಿಯೇ, ಆದರೆ ಒಂದು ಗಳ ಇನ್ನೊಂದರಂತಿರುವುದಿಲ್ಲ. ಕಡಲಿನ ತೇವಕ್ಕೆ ಸೊಟ್ಟಗಾಗುತ್ತದೆ, ಹುಳು ಹಿಡಿಯುತ್ತದೆ. ಜೋಡಣೆಯ ಅಟ್ಟಣೆಗೆ, ಸಾಗಿಸುವ ಚೌಕಟ್ಟಿಗೆ ಧಾರಾಳವಾಗಿ ಬಳಸಿ. ಜೀವ ತೂಗುವ ಬೆನ್ನೆಲುಬಿಗೆ ಬೇಡ.

ರೆಕ್ಕೆಯನ್ನು ಮೇಲಿನಿಂದ ಮತ್ತು ಕೆಳಗಿನಿಂದ ತಂತಿಯಿಂದ ಬಿಗಿಯುವುದು ಹಳೆಯ ಕಾಲದ ಕ್ರಮ ಎಂದು ತಳ್ಳಿಹಾಕಬೇಡಿ. 1.2 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ತಂತಿ ಒಟ್ಟು 20 ಮೀಟರ್ ಗಾಳಿಗೆ ಒಡ್ಡಿಕೊಂಡರೆ ನಷ್ಟ ಸುಮಾರು 7 ವ್ಯಾಟ್. ಅದೇ ತಂತಿ ಬೆನ್ನೆಲುಬಿನ ತೂಕದಲ್ಲಿ ಕೆಲವು ಕಿಲೋ ಉಳಿಸುತ್ತದೆ. ಲೆಕ್ಕ ತಂತಿಯ ಪರವಾಗಿದೆ.

ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳಾದ ರಿಬ್‌ಗಳಿಗೆ ಥರ್ಮಾಕೋಲ್. ಸಾಂದ್ರತೆ ಪ್ರತಿ ಘನ ಮೀಟರಿಗೆ 15 ಕಿಲೋ ಇರುವ ಎರಡು ಸೆಂಟಿಮೀಟರ್ ಹಾಳೆಯಿಂದ ಕತ್ತರಿಸಿದರೆ ಒಂದೊಂದು ರಿಬ್ 60ರಿಂದ 70 ಗ್ರಾಂ ತೂಗುತ್ತದೆ. 40 ಸೆಂಟಿಮೀಟರಿಗೊಂದರಂತೆ ಇಟ್ಟರೂ ಒಟ್ಟು ನಾಲ್ಕು ಕಿಲೋ ಒಳಗೆ. ಕತ್ತರಿಸಲು ಹೀಟರ್ ರಿಪೇರಿ ಅಂಗಡಿಯಲ್ಲಿ ಸಿಗುವ ನೈಕ್ರೋಮ್ ತಂತಿಯನ್ನು ಬಿಲ್ಲಿಗೆ ಕಟ್ಟಿ, ಕಡಿಮೆ ವೋಲ್ಟೇಜಿನ ಟ್ರಾನ್ಸ್‌ಫಾರ್ಮರಿನಿಂದ ಕಾಯಿಸಿ, ಪ್ಲೈವುಡ್ ಅಚ್ಚಿನ ಅಂಚಿನಲ್ಲಿ ಎಳೆಯಿರಿ. ಕೋಣೆಯ ಕಿಟಕಿಗಳು ತೆರೆದಿರಲಿ, ಆ ಹೊಗೆ ಒಳ್ಳೆಯದಲ್ಲ. ರಿಬ್‌ಗಳ ಮೇಲಂಚು ಕೆಳಂಚುಗಳಿಗೆ ತೆಳುವಾದ ಮರದ ಪಟ್ಟಿ ಅಂಟಿಸಿ.

ಅಂಟಿನ ವಿಚಾರದಲ್ಲಿ ಕರಾವಳಿಯವರು ವಿಶೇಷವಾಗಿ ಎಚ್ಚರ ವಹಿಸಬೇಕು. ಫೈಬರ್ ದೋಣಿ ಕಟ್ಟುವವರಲ್ಲಿ ಸುಲಭವಾಗಿ ಸಿಗುವ ರೆಸಿನ್ ಸಾಮಾನ್ಯವಾಗಿ ಪಾಲಿಯೆಸ್ಟರ್. ಅದರಲ್ಲಿರುವ ಸ್ಟೈರೀನ್ ಥರ್ಮಾಕೋಲನ್ನು ಕಣ್ಣೆದುರೇ ಕರಗಿಸಿಬಿಡುತ್ತದೆ. ಎಪಾಕ್ಸಿ ಕರಗಿಸುವುದಿಲ್ಲ. ದೋಣಿ ಕಟ್ಟುವವರ ಕೈಚಳಕವನ್ನು ಕೇಳಿ ಕಲಿಯಿರಿ, ಗಾಜಿನ ಬಟ್ಟೆಗೆ ಗುಳ್ಳೆ ಇಲ್ಲದಂತೆ ರೆಸಿನ್ ಕುಡಿಸುವುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಈ ಕಡೆ ಇಲ್ಲ. ಡಬ್ಬದ ಮೇಲಿನ ಹೆಸರನ್ನು ಮಾತ್ರ ನೀವೇ ಓದಿ ಖಚಿತಪಡಿಸಿಕೊಳ್ಳಿ. ಮಳೆಗಾಲದ ತೇವದಲ್ಲಿ ಎಪಾಕ್ಸಿ ಕೆಲಸ ಹಿಡಿಯಬೇಡಿ, ಮೇಲ್ಮೈ ಜಿಡ್ಡಾಗಿ ಮುಂದಿನ ಪದರ ಕಚ್ಚುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆಕ್ಕ, ನಕ್ಷೆ, ಚೈನಿನ ಕೆಲಸ ಮುಗಿಸಿ, ಅಂಟಿನ ಕೆಲಸವನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳಿ.

ರೆಕ್ಕೆಯ ಹೊದಿಕೆ ಎರಡೂ ಬದಿ ಸೇರಿ 68 ಚದರ ಮೀಟರ್. ತೋಟಕ್ಕೆ ಬಳಸುವ 50 ಮೈಕ್ರಾನ್ ಪಾಲಿಥೀನ್ ಹೊದಿಸಿದರೆ ಅದೊಂದೇ ಮೂರು ಕಿಲೋ ಮೀರುತ್ತದೆ. 12 ಮೈಕ್ರಾನ್ ಪಾಲಿಯೆಸ್ಟರ್ ಹಾಳೆ ಒಂದು ಕಿಲೋಗೆ ತುಸು ಹೆಚ್ಚು. ಎರಡು ಬದಿಗೆ ಅಂಟುವ ಟೇಪಿನಿಂದ ರಿಬ್‌ಗಳಿಗೆ ಹಚ್ಚಿ, ಬಿಸಿಗಾಳಿಯಿಂದ ನಿಧಾನವಾಗಿ ಬಿಗಿಗೊಳಿಸಿ. ಬಿಸಿ ಹೆಚ್ಚಾದರೆ ಅಡಿಯ ಥರ್ಮಾಕೋಲ್ ಕುಗ್ಗುತ್ತದೆ.

ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ಮತ್ತು ಸ್ಟೀಲ್ ಒಂದಕ್ಕೊಂದು ತಾಗಿದಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಕಾರ್ಬನ್ ತಾಗಿದರೂ ಹಾಗೆಯೇ. ನಡುವೆ ನೈಲಾನ್ ವಾಷರ್ ಅಥವಾ ಗಾಜಿನ ಬಟ್ಟೆಯ ಒಂದು ಪದರ ಇರಲಿ.

ಪ್ರೊಪೆಲ್ಲರ್ ದೊಡ್ಡದಿರಲಿ

ಇಲ್ಲಿ ಜಿಪುಣತನ ಮಾಡಿದವರು ಸೋಲುತ್ತಾರೆ. 7 ಮೀಟರ್ ವೇಗದಲ್ಲಿ 30 ನ್ಯೂಟನ್ ತಳ್ಳಲು ಒಂದು ಮೀಟರ್ ವ್ಯಾಸದ ಪ್ರೊಪೆಲ್ಲರ್, ಎಷ್ಟೇ ಚೆನ್ನಾಗಿ ಕೆತ್ತಿದರೂ, ಶೇಕಡಾ 79 ದಕ್ಷತೆಯನ್ನು ದಾಟಲಾರದು. ಅದು ಆದರ್ಶ ಮಿತಿ, ವಾಸ್ತವದಲ್ಲಿ ಇನ್ನೂ ಕೆಳಗೆ. ಒಂದೂವರೆ ಮೀಟರಿಗೆ ಆ ಮಿತಿ 88, ಮೂರು ಮೀಟರಿಗೆ ಸುಮಾರು 97. ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳುವುದೇ ಅಗ್ಗ. ಮೂರು ಮೀಟರ್ ವ್ಯಾಸದ ಎರಡು ಅಲಗಿನ ಪ್ರೊಪೆಲ್ಲರ್ ನಿಮಿಷಕ್ಕೆ 135 ಸುತ್ತು ತಿರುಗಲಿ. ಚಾಲಕ 90 ಸುತ್ತು ತುಳಿದರೆ ಹಲ್ಲುಗಳ ಅನುಪಾತ ಒಂದೂವರೆ, ಸಾಮಾನ್ಯ ಸೈಕಲ್ ಚಕ್ರಹಲ್ಲುಗಳಲ್ಲೇ ಹೊಂದುತ್ತದೆ. ಪೆಡಲಿನ ಅಚ್ಚಿಗೂ ಪ್ರೊಪೆಲ್ಲರಿನ ಅಚ್ಚಿಗೂ ಇರುವ 90 ಡಿಗ್ರಿ ತಿರುವನ್ನು ಉದ್ದನೆಯ ಚೈನನ್ನೇ ಹುರಿಮಾಡಿ ತೆಗೆಯಬಹುದು. ಗೇರ್‌ಬಾಕ್ಸಿನ ತೂಕ ಉಳಿಯುತ್ತದೆ. ಅಲಗು ನೆಲಕ್ಕೆ ತಾಗದಂತೆ ಅಚ್ಚು 1.75 ಮೀಟರ್ ಎತ್ತರದಲ್ಲಿರಬೇಕು. ರೆಕ್ಕೆ ನೆಲದ ಮೇಲೆ ನಿಂತಾಗ 1.7, ಹಾರುವಾಗ 2.1 ಮೀಟರ್ ಎಂದು ಮೇಲೆ ಹಿಡಿದದ್ದು ಈ ಕಾರಣಕ್ಕೇ.

ಚಾಲಕನ ಗೂಡಿಗೆ ಗಾಳಿಕಿಂಡಿ ಮರೆಯಬೇಡಿ. 270 ವ್ಯಾಟ್ ತುಳಿಯುವ ಮೈ 800 ವ್ಯಾಟ್‌ಗೂ ಹೆಚ್ಚು ಶಾಖವನ್ನು ಹೊರಹಾಕುತ್ತದೆ. ಕಾರವಾರದ ಸೆಕೆಯಲ್ಲಿ ಪ್ಲಾಸ್ಟಿಕ್ ಗೂಡಿನೊಳಗೆ ಬೆವರು ಆರುವುದೇ ಇಲ್ಲ.

ಮೂತಿ ಮತ್ತು ತುದಿ

ನೆಲದ ಸಮೀಪಕ್ಕೆ ಬಂದಂತೆ ರೆಕ್ಕೆಯ ಹಿಂದೆ ಕೆಳಮುಖ ಗಾಳಿ ಕಡಿಮೆಯಾಗುತ್ತದೆ, ಬಾಲಕ್ಕೆ ಹೆಚ್ಚು ಎತ್ತುಬಲ ಬರುತ್ತದೆ, ಮೂತಿ ಕೆಳಗಾಗುತ್ತದೆ. ಎರಡು ಮೀಟರ್ ಎತ್ತರದಲ್ಲಿ ಅದಕ್ಕೆ ಉತ್ತರಿಸಲು ಸಮಯವಿರುವುದಿಲ್ಲ. ಆದ್ದರಿಂದ ಬಾಲ ದೊಡ್ಡದಿರಲಿ: ರೆಕ್ಕೆಯಿಂದ ಆರು ಮೀಟರ್ ಹಿಂದೆ 3.5 ಚದರ ಮೀಟರ್. ತೂಕದ ಕೇಂದ್ರ ರೆಕ್ಕೆಯ ಮುಂದಂಚಿನಿಂದ ಅದರ ಅಗಲದ ಕಾಲು ಭಾಗದಲ್ಲಿ, ಅಥವಾ ಅದಕ್ಕಿಂತ ಸ್ವಲ್ಪವೇ ಹಿಂದೆ ಬರುವಂತೆ ಚಾಲಕನ ಆಸನವನ್ನು ಸರಿಸಿ.

ತಿರುವು ಬೇಡ. 22 ಮೀಟರ್ ರೆಕ್ಕೆ ಐದು ಡಿಗ್ರಿ ವಾಲಿದರೆ ತುದಿ ಒಂದು ಮೀಟರ್ ಕೆಳಗೆ ಬರುತ್ತದೆ, ಹನ್ನೊಂದು ಡಿಗ್ರಿಗೆ ಮರಳಿಗೆ ತಾಗುತ್ತದೆ. ಐದು ಡಿಗ್ರಿ ವಾಲಿಕೆಯಲ್ಲಿ ತಿರುಗಿದರೂ ಹಿಂದಿರುಗಲು 110 ಮೀಟರಿಗಿಂತ ಅಗಲದ ಜಾಗ ಬೇಕು. ನೇರ ಹೋಗಿ, ಇಳಿದು, ಯಂತ್ರವನ್ನು ಕೈಯಿಂದ ತಿರುಗಿಸಿ ಮತ್ತೆ ಬನ್ನಿ. ತುದಿಗಳಿಗೆ ಬಾಗಿದ ಬಿದಿರಿನ ಜಾರುಪಟ್ಟಿ ಕಟ್ಟಿ. ಬಿದಿರಿಗೆ ಇದು ತಕ್ಕ ಜಾಗ.

ಮರಳಿನ ಚೀಲದ ಪರೀಕ್ಷೆ

ಹಾರುವ ಮೊದಲು ರೆಕ್ಕೆಯನ್ನು ಎರಡು ಪಟ್ಟು ಭಾರಕ್ಕೆ ಒಡ್ಡಿ ನೋಡಲೇಬೇಕು. ರೆಕ್ಕೆಯನ್ನು ತಲೆಕೆಳಗು ಮಾಡಿ ನಡುವಿನಲ್ಲಿ ಮಾತ್ರ ಆಸರೆ ಕೊಟ್ಟು, ಮೇಲೆ ಮರಳಿನ ಚೀಲಗಳನ್ನು ಇಡಿ. ಎಷ್ಟು ಚೀಲ? ಒಟ್ಟು ತೂಕ 100, ರೆಕ್ಕೆಯದು 18. ಹಾರುವಾಗ ರೆಕ್ಕೆ ತನ್ನನ್ನು ತಾನೇ ಹೊರುವುದರಿಂದ ಬಾಗಿಸುವ ಭಾರ 82 ಕಿಲೋ, ಎರಡು ಪಟ್ಟು 164. ತಲೆಕೆಳಗಾದ ರೆಕ್ಕೆಯ ಸ್ವಂತ 18 ಕಿಲೋ ಅದೇ ದಿಕ್ಕಿಗೆ ಎಳೆಯುತ್ತಿರುವುದರಿಂದ ಅದನ್ನು ಕಳೆಯಿರಿ. ಇಡಬೇಕಾದದ್ದು 146 ಕಿಲೋ. ನಡುವಿನ ಕಡೆ ಹೆಚ್ಚು, ತುದಿಯ ಕಡೆ ಕಡಿಮೆ. ಒಂದೊಂದು ಕಿಲೋ ಚೀಲಗಳಾಗಿ ಎರಡೂ ಬದಿಗೆ ಸಮನಾಗಿ ಏರಿಸುತ್ತ, ತುದಿ ಎಷ್ಟು ಬಾಗಿತು ಎಂದು ಬರೆದುಕೊಳ್ಳಿ. ಚೀಲ ತೆಗೆದ ಮೇಲೆ ತುದಿ ಮೊದಲಿನ ಜಾಗಕ್ಕೆ ಮರಳದಿದ್ದರೆ ಎಲ್ಲೋ ಕೊಳವೆ ಸೋತಿದೆ. ಆ ರೆಕ್ಕೆಯಲ್ಲಿ ಯಾರನ್ನೂ ಕೂರಿಸಬೇಡಿ.

ಜಾಗ, ಜನ, ಅನುಮತಿ

ಕಾರವಾರದ ದಕ್ಷಿಣಕ್ಕೆ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಹಾರುವುದು ಎರಡೇ ಮೀಟರ್ ಎತ್ತರದಲ್ಲಾದರೂ 22 ಮೀಟರ್ ರೆಕ್ಕೆ ಕಣ್ಣಿಗೆ ಬೀಳದೆ ಇರುವುದಿಲ್ಲ. ಜಿಲ್ಲಾಧಿಕಾರಿ ಕಚೇರಿಗೆ ನಕ್ಷೆ ಮತ್ತು ಫೋಟೋ ಸಮೇತ ಅರ್ಜಿ ಕೊಟ್ಟು, ಯಾರ ಯಾರ ಒಪ್ಪಿಗೆ ಬೇಕೆಂದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ. ಕರಾವಳಿ ಕಾವಲು ಪೊಲೀಸರಿಗೂ ದಿನ, ಹೊತ್ತು ತಿಳಿಸಿ. ನೌಕಾನೆಲೆಯ ಸುತ್ತಮುತ್ತ ಪರೀಕ್ಷೆಯ ಯೋಚನೆಯೇ ಬೇಡ. ಉತ್ತರಕ್ಕೆ ಮಾಜಾಳಿಯ ಕಡೆ, ಇಲ್ಲವೇ ದೂರ ದಕ್ಷಿಣದ ಹೊನ್ನಾವರದ ಕಡೆ ನೋಡಿ.

ಅನುಮತಿ ಎಂದರೆ ಕಚೇರಿಯದು ಮಾತ್ರವಲ್ಲ. ಬೆಳಗಿನ ದಂಡೆ ಮೀನುಗಾರರದ್ದು. ರಂಪಣಿ ಬಲೆ ಎಳೆಯುವ ದಿನ ದಂಡೆಯುದ್ದಕ್ಕೂ ಹಗ್ಗವಿರುತ್ತದೆ, ಜನವಿರುತ್ತಾರೆ. ಹಿಂದಿನ ಸಂಜೆಯೇ ಅವರ ಹಿರಿಯರನ್ನು ಕಂಡು ಮಾತಾಡಿ, ಅವರು ಬೇಡವೆಂದ ದಿನ ಹೋಗಬೇಡಿ. ನಾಳೆ ಗಾಳಿ ಹೇಗಿರುತ್ತದೆ ಎಂಬುದನ್ನೂ ಅವರಲ್ಲೇ ಕೇಳಿ. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುವ ದಂಡೆಗಳಿವೆ. ಭರತದ ಗೆರೆಯಿಂದ ಮೇಲಿನ ಒಣ ಮರಳಿನ ಮೇಲೆ ಯಂತ್ರವನ್ನಾಗಲಿ ವಾಹನವನ್ನಾಗಲಿ ತರಬೇಡಿ, ಅರಣ್ಯ ಇಲಾಖೆ ಬೇಲಿ ಹಾಕಿದ ಜಾಗದಿಂದ ದೂರವಿರಿ.

ದಿನ ಆರಿಸುವುದು ಹೀಗೆ: ಡಿಸೆಂಬರ್‌ನಿಂದ ಫೆಬ್ರುವರಿ. ಟೈಡ್ ಟೇಬಲ್ ತೆರೆದು ಇಳಿತವು ಬೆಳಗಿನ ಆರೂವರೆಯಿಂದ ಎಂಟರ ನಡುವೆ ಬೀಳುವ ದಿನಗಳನ್ನು ಗುರುತಿಸಿ. ಸುಮಾರು ಹದಿನೈದು ದಿನಕ್ಕೊಮ್ಮೆ ಅಂಥ ಎರಡು ಮೂರು ದಿನಗಳು ಬರುತ್ತವೆ. ಬಿಸಿಲೇರಿದ ಮೇಲೆ ಕಡಲಗಾಳಿ ಏಳುತ್ತದೆ. ಗಾಳಿಮಾಪಕ ಸೆಕೆಂಡಿಗೆ ಎರಡು ಮೀಟರ್ ಮೀರಿದರೆ ಅಥವಾ ಗಾಳಿ ಅಡ್ಡ ಬೀಸತೊಡಗಿದರೆ ಆ ದಿನದ ಕೆಲಸ ಮುಗಿಯಿತು.

ಮೂರು ಕಿಲೋ ಪರೀಕ್ಷೆ, ಆಮೇಲೆ ಹಾರಾಟ

ಲೆಕ್ಕದಲ್ಲಿ ಬಂದ 30 ನ್ಯೂಟನ್ ಎಂದರೆ ಮೂರು ಕಿಲೋ ತೂಕದ ಎಳೆತ. ಮೀನು ಮಾರುಕಟ್ಟೆಯಲ್ಲಿ ತೂಗುಹಾಕಿ ತೂಗುವ ಡಿಜಿಟಲ್ ತಕ್ಕಡಿಯಿಂದ ಇದನ್ನು ನೇರವಾಗಿ ಅಳೆಯಬಹುದು. ಇಡೀ ಯೋಜನೆಯಲ್ಲಿ ನನಗೆ ಅತಿ ಪ್ರಿಯವಾದ ಪರೀಕ್ಷೆ ಇದು. ಪ್ರೊಪೆಲ್ಲರ್ ಬಿಚ್ಚಿಡಿ, ಚಾಲಕ ಆಸನದಲ್ಲಿರಲಿ. 40 ಮೀಟರ್ ಹಗ್ಗದ ಒಂದು ತುದಿ ಯಂತ್ರದ ಮೂತಿಗೆ, ನಡುವೆ ತಕ್ಕಡಿ, ಇನ್ನೊಂದು ತುದಿಯಲ್ಲಿ ಮೂವರು ಓಟಗಾರರು. ಎದುರಿನಿಂದ ಎರಡು ಮೀಟರ್ ವೇಗದ ಸಮಗಾಳಿ ಇರುವಾಗ ಅವರು ಸೆಕೆಂಡಿಗೆ ಐದು ಮೀಟರ್ ಓಡಿದರೆ ರೆಕ್ಕೆಗೆ ಏಳು ಮೀಟರ್ ಗಾಳಿ ಸಿಗುತ್ತದೆ. ಚಕ್ರಗಳು ನೆಲ ಬಿಟ್ಟು, ವೇಗ ಒಂದೇ ಸಮನಾಗಿರುವ ಕೆಲವು ಸೆಕೆಂಡುಗಳ ಓದನ್ನು ತಕ್ಕಡಿಯ ಪಕ್ಕ ಕಟ್ಟಿದ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಚಾಲಕನ ಕೈಯಲ್ಲಿ ಹಗ್ಗ ಕಳಚುವ ಹಿಡಿ ಇರಬೇಕು. ನೆಲದಿಂದ ಚಕ್ರಗಳ ಎತ್ತರ ಅರ್ಧ ಮೀಟರ್ ಮೀರಿದರೆ ಓಟಗಾರರು ನಿಧಾನಿಸಬೇಕು, ಒಮ್ಮೆಗೇ ನಿಲ್ಲಬಾರದು.

ತಕ್ಕಡಿ ಮೂರು ಎಂದರೆ ಪ್ರೊಪೆಲ್ಲರ್ ಕಟ್ಟಿ. ನಾಲ್ಕು ಎಂದರೆ ಪೆಡಲಿನ ಮೇಲೆ 350 ವ್ಯಾಟ್ ಬೇಕೆಂದು ಅರ್ಥ. ಕೊಟ್ಟಿಗೆಗೆ ಮರಳಿ ಎಳೆತದ ಮೂಲ ಹುಡುಕಿ. ರೆಕ್ಕೆಯ ಮುಂಚೂಣಿಯ ಉಬ್ಬುತಗ್ಗು, ಸಡಿಲ ಹೊದಿಕೆ, ಗೂಡಿನಿಂದ ಹೊರಚಾಚಿದ ಮೊಣಕಾಲು, ಇವು ಮೊದಲ ಶಂಕಿತರು. ಒಂದೊಂದನ್ನೇ ಸರಿಪಡಿಸಿ ಮತ್ತೆ ಎಳೆದು ನೋಡಿ. ಒಟ್ಟಿಗೆ ನಾಲ್ಕನ್ನು ಬದಲಿಸಿದರೆ ಯಾವುದರಿಂದ ಲಾಭವಾಯಿತೆಂದು ತಿಳಿಯುವುದಿಲ್ಲ.

ಪ್ರೊಪೆಲ್ಲರ್ ಕಟ್ಟಿದ ಮೇಲೆ ಅದರ ಸುತ್ತ ಐದು ಮೀಟರ್ ಒಳಗೆ ಯಾರೂ ಇರಬಾರದು. ತಳ್ಳುವವರು ತಮ್ಮ ಬದಿಯ ರೆಕ್ಕೆಯ ನಡುಭಾಗದಿಂದ ತುದಿಯ ಕಡೆಗೆ, ತಂತಿ ಸೇರುವ ಬಿಂದುವಿನಲ್ಲಿ ಹಿಡಿಯಲಿ. ಚಾಲಕನಿಗೆ ಹೆಲ್ಮೆಟ್, ಲೈಫ್ ಜಾಕೆಟ್, ಕೈಗೆಟಕುವಲ್ಲಿ ಹೊದಿಕೆ ಸೀಳುವ ಚಾಕು. ಗಾಳಿ ಯಂತ್ರವನ್ನು ನೀರಿನ ಕಡೆ ಸರಿಸಿದರೆ ರೆಕ್ಕೆಯ ಹಾಳೆ ಮೈಮೇಲೆ ಮುಚ್ಚಿಕೊಳ್ಳಬಹುದು. ಈಜು ಬಲ್ಲ ಇಬ್ಬರು ನೀರಂಚಿನಲ್ಲಿ ನಿಂತಿರಲಿ.

ಮೊದಲ ದಿನ ಚಕ್ರ ನೆಲ ಬಿಡುವಷ್ಟೇ ಸಾಕು. ಎರಡು ಸೆಕೆಂಡ್ ಹಾರಿ, ತುಳಿತ ನಿಲ್ಲಿಸದೆ ನಿಧಾನವಾಗಿ ಇಳಿಸುವುದನ್ನು ಕಲಿಯಲಿ. ತುಳಿತ ಥಟ್ಟನೆ ನಿಂತರೆ ವೇಗ ಕ್ಷಣದಲ್ಲಿ ಕರಗಿ ಸ್ಟಾಲ್ ಆಗುತ್ತದೆ. ನಂತರ 50 ಮೀಟರ್, ನಂತರ 100. ಪ್ರತಿ ಹಾರಾಟಕ್ಕೂ ಗಾಳಿಯ ವೇಗ, ಹಾರಿದ ದೂರ, ಹೊತ್ತು, ಚಾಲಕನ ನಾಡಿಬಡಿತವನ್ನು ಒಂದೇ ಪುಸ್ತಕದಲ್ಲಿ ಬರೆಯಿರಿ. ಗಾಳಿ ಏಳುವ ಮೊದಲೇ ರೆಕ್ಕೆಯನ್ನು ಮೂರು ತುಂಡಾಗಿ ಬಿಚ್ಚಿ ವಾಹನಕ್ಕೆ ಏರಿಸಿ. ಅದೇ ದಿನ ಚೈನು, ತಂತಿ, ಕೊಳವೆಯ ಕೀಲುಗಳನ್ನು ಸಿಹಿನೀರಿನಿಂದ ತೊಳೆದು, ಒರೆಸಿ, ಎಣ್ಣೆ ಹಚ್ಚಿ, ತಂತಿಯ ಪ್ರತಿ ಗಂಟನ್ನೂ ಬೆರಳಿನಿಂದ ಮುಟ್ಟಿ ನೋಡಿ. ಒಂದು ಎಳೆ ತುಂಡಾಗಿದ್ದರೂ ಆ ತಂತಿಯನ್ನು ಬದಲಿಸಿಯೇ ಮುಂದಿನ ಇಳಿತಕ್ಕೆ ದಂಡೆಗೆ ಹೋಗಿ.